ಶ್ರುತಿ ಬಿಡದ ಮಾನ್ಸೂನ್

1982ರಲ್ಲಿ ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದಲ್ಲಿ 17 ವರ್ಷದ ಹುಡುಗಿಯೊಬ್ಬಳು ಹಾಡಿದಳು. ಹಾಡಿನಲ್ಲಿ ಸಿತಾರ್ ಇತ್ತು, ತಬಲಾ ಇತ್ತು. ಹಾಡು ‘ಎವರ್ ಸೋ ಲೋನ್ಲಿ’, ತಂಡದ ಹೆಸರು ಮಾನ್ಸೂನ್, ಗಾಯಕಿ ಲಂಡನ್‌ನಲ್ಲೇ ಹುಟ್ಟಿದ ಭಾರತ ಮೂಲದ ಶೀಲಾ ಚಂದ್ರಾ. ಅದರ ಹಿಂದಿನ ವರ್ಷವಷ್ಟೇ ಲಂಡನ್ನಿನ ಸೌತ್‌ಹಾಲ್‌ನಲ್ಲಿ ಜನಾಂಗದ್ವೇಷಿ ಸ್ಕಿನ್‌ಹೆಡ್ ಗುಂಪುಗಳಿಗೂ ಅಲ್ಲಿನ ಏಷ್ಯನ್ ಯುವಕರಿಗೂ ಘರ್ಷಣೆಯಾಗಿ ಪಬ್ ಒಂದು ಸುಟ್ಟುಹೋಗಿತ್ತು. ಅಂಥ ದಿನಗಳಲ್ಲಿ ಆ ಮುಖ, ಆ ದನಿ ಬ್ರಿಟನ್ನಿನ ಮನೆಮನೆಯ ಟಿ.ವಿ.ಗೆ ಬಂದದ್ದು ಸಣ್ಣ ಸಂಗತಿಯಲ್ಲ. ಹಾಡು ಅಲ್ಲಿನ ಜನಪ್ರಿಯ ಪಟ್ಟಿಯಲ್ಲಿ 12ನೇ ಸ್ಥಾನಕ್ಕೇರಿತು. ಆ ವರ್ಷ ಮುಗಿಯುವುದರೊಳಗೆ ತಂಡವೇ ಇರಲಿಲ್ಲ.

ಮಾನ್ಸೂನ್‌ನ ಬೀಜ ಬಿತ್ತಿದವರು ಸ್ಟೀವ್ ಕೋ ಎಂಬ ಸಂಗೀತ ಸಂಯೋಜಕ. ಜೊತೆಗಿದ್ದವರು ಮಾರ್ಟಿನ್ ಸ್ಮಿತ್. ಭಾರತೀಯ ಸಂಗೀತದತ್ತ ಒಲಿದಿದ್ದ ಕೋ ಅವರಿಗೆ ಬೇಕಿದ್ದದ್ದು ಒಂದು ಕಂಠ. ಧ್ವನಿಮುದ್ರಣ ಕಂಪನಿಯೊಂದರ ಆಯ್ಕೆಗೆಂದು ಶೀಲಾ ಹಾಡಿದ್ದ ಟೇಪು ಅವರ ಕೈಗೆ ಸಿಕ್ಕಿತು. ಶೀಲಾ ಆಗ ಇನ್ನೂ ಶಾಲಾ ಹುಡುಗಿ. ಆದರೂ ‘ಗ್ರೇಂಜ್ ಹಿಲ್’ ಎಂಬ ಮಕ್ಕಳ ಧಾರಾವಾಹಿಯಲ್ಲಿ ಸುಧಾಮಣಿ ಪಟೇಲ್ ಪಾತ್ರ ಮಾಡಿ ಟಿ.ವಿ. ನೋಡುವವರಿಗೆ ಪರಿಚಿತರಾಗಿದ್ದರು. ಮೂವರೂ ಸೇರಿ 1981ರಲ್ಲಿ ಕೋ ಅವರದೇ ಪುಟ್ಟ ಕಂಪನಿ ‘ಇಂಡಿಪಾಪ್’ನಿಂದ ಮೊದಲ ತಟ್ಟೆ ತಂದರು. ಆಮೇಲೆ ದೊಡ್ಡ ಕಂಪನಿ ಫೋನೋಗ್ರಾಮ್ ಕರೆದು ಒಪ್ಪಂದ ಮಾಡಿಕೊಂಡಿತು.

ಪಾಪ್ ಹಾಡಿಗೆ ಸಿತಾರ್ ಸೇರಿಸುವುದು ಅಷ್ಟರಲ್ಲಿ ಹಳೆಯ ಮಾತಾಗಿತ್ತು. 1965ರಲ್ಲೇ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅದನ್ನು ಮಾಡಿದ್ದರು. ಮಾನ್ಸೂನ್ ಹಿಡಿದದ್ದು ಇನ್ನೂ ಆಳದ ಎಳೆಯನ್ನು. ಪಾಶ್ಚಾತ್ಯ ಪಾಪ್ ಹಾಡು ಮುಂದೆ ಸಾಗುವುದೇ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಬದಲಾವಣೆಯಿಂದ. ಗಿಟಾರ್ ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೊರಳಿದಾಗ ಕೇಳುಗನ ಮನಸ್ಸೂ ಅದರ ಹಿಂದೆ ಹೊರಳುತ್ತದೆ. ನಮ್ಮಲ್ಲಿ ಷಡ್ಜ ಕದಲುವುದಿಲ್ಲ. ತಂಬೂರಿ ಮಿಡಿಯುತ್ತಲೇ ಇರುತ್ತದೆ, ಏರಿಳಿತವೆಲ್ಲ ಅದರ ಮೇಲೆ ನಡೆಯುವ ಸ್ವರಗಳದ್ದು. ಆ ನೆಲೆಯ ಮೇಲೆ ಮೂರು ನಿಮಿಷದ ಇಂಗ್ಲಿಷ್ ಹಾಡು ನಿಲ್ಲಬಹುದೇ ಎಂಬುದು ಮಾನ್ಸೂನ್ ಎತ್ತಿಕೊಂಡ ಪ್ರಶ್ನೆ. ಬೀಟಲ್ಸ್‌ನ ಅಷ್ಟೊಂದು ಹಾಡುಗಳಿದ್ದರೂ ಮಾನ್ಸೂನ್ ತಂಡ ಮತ್ತೆ ಹಾಡಲು ಆರಿಸಿಕೊಂಡದ್ದು 1966ರ ‘ಟುಮಾರೋ ನೆವರ್ ನೋಸ್’. ಅದೂ ತಂಬೂರಿಯ ನಾದದ ಮೇಲೆ, ಹೆಚ್ಚುಕಡಿಮೆ ಒಂದೇ ಕಾರ್ಡ್‌ನಲ್ಲಿ ನಿಂತ ಹಾಡು. ಇದು ಆಕಸ್ಮಿಕದ ಆಯ್ಕೆ ಎಂದು ನನಗೆ ಅನ್ನಿಸುವುದಿಲ್ಲ.

ಎರಡನೆಯ ಹಾಡು ‘ಶಕ್ತಿ’ 41ನೇ ಸ್ಥಾನಕ್ಕೆ ನಿಂತಿತು. ಮುಂದೆ ಏನು ಬರಬೇಕು, ಹೇಗೆ ಬರಬೇಕು ಎಂಬ ಬಗ್ಗೆ ಕಂಪನಿಗೂ ತಂಡಕ್ಕೂ ಹೊಂದಲಿಲ್ಲ. ಮೂವರೂ ರಾಜಿಗೆ ಒಪ್ಪದೆ ತಂಡ ಮುಗಿಸಿದರು. ‘ಥರ್ಡ್ ಐ’ ಎಂಬ ಅವರ ಏಕೈಕ ಆಲ್ಬಂ 1983ರಲ್ಲಿ ಹೊರಬಂದಾಗ ಅದನ್ನು ವೇದಿಕೆಯಲ್ಲಿ ಹಾಡಲು ತಂಡವಿರಲಿಲ್ಲ.

ಶೀಲಾ ಮತ್ತೆ ಇಂಡಿಪಾಪ್‌ಗೆ ಬಂದರು. ಇನ್ನೊಂದು ಜನಪ್ರಿಯ ಹಾಡಿನ ಬೆನ್ನು ಹತ್ತಬಹುದಾಗಿದ್ದ ವಯಸ್ಸಿನಲ್ಲಿ ಅವರು ತಮ್ಮ ಕಂಠದಿಂದ ಏನೆಲ್ಲ ಆಗುತ್ತದೆಂದು ಹುಡುಕುತ್ತ ಕುಳಿತರು. 1984, 85ರ ಎರಡೇ ವರ್ಷಗಳಲ್ಲಿ ನಾಲ್ಕು ಆಲ್ಬಂಗಳು ಬಂದವು. ಒಂದರ ಹೆಸರು ‘ನಾದಬ್ರಹ್ಮ’. ಮುಂದೆ ಗಾಯಕ ಪೀಟರ್ ಗೇಬ್ರಿಯಲ್ ಅವರ ರಿಯಲ್ ವರ್ಲ್ಡ್ ಕಂಪನಿಗೆ ಹಾಡಿದ ‘ವೀವಿಂಗ್ ಮೈ ಆನ್ಸೆಸ್ಟರ್ಸ್ ವಾಯ್ಸಸ್’ (1992) ನಾನು ಮತ್ತೆ ಮತ್ತೆ ಕೇಳುವ ಆಲ್ಬಂ. ಅದರ ‘ಸ್ಪೀಕಿಂಗ್ ಇನ್ ಟಂಗ್ಸ್’ ಭಾಗಗಳಿಗೆ ಬುನಾದಿ ನಮ್ಮ ಕೊನ್ನಕ್ಕೋಲು. ಮೃದಂಗದ ಪಾಠಕ್ಕೆ ಹೋದ ಮಕ್ಕಳ ಬಾಯಲ್ಲಿ ನಲಿಯುವ ತಕಧಿಮಿ, ತಕಝಣುಗಳ ಜಾತಿಯ ಸೊಲ್ಲುಗಳು ಅಲ್ಲಿ ಬೇರೆಯದೇ ಆಟ ಹೂಡುತ್ತವೆ. ಅದೇ ಆಲ್ಬಂನಲ್ಲಿ ‘ಎವರ್ ಸೋ ಲೋನ್ಲಿ’ ಕೂಡ ಮತ್ತೆ ಬಂತು. ಈ ಸಲ ಅದಕ್ಕೆ ಪಾಪ್‌ನ ಮೇಳವಿಲ್ಲ, ಶ್ರುತಿ ಮತ್ತು ಕಂಠವಷ್ಟೇ. ಹತ್ತು ವರ್ಷದ ಹಿಂದಿನ ಆ ಪ್ರಶ್ನೆಗೆ ಇಷ್ಟು ಖಚಿತವಾದ ಉತ್ತರವನ್ನು ನಾನು ಬೇರೆಲ್ಲೂ ಕೇಳಿಲ್ಲ. 1996ರ ‘ಎಬೋನ್‌ಕ್ರೋನ್‌ಡ್ರೋನ್’ನಲ್ಲಂತೂ ಶ್ರುತಿಯ ನಾದವೇ ಹಾಡಾಯಿತು.

ಅಷ್ಟು ಹೊತ್ತಿಗೆ ಬ್ರಿಟನ್ನಿನ ಕಿವಿಯೂ ಪಳಗಿತ್ತು. 1998ರಲ್ಲಿ ಕಾರ್ನರ್‌ಶಾಪ್ ತಂಡವು ಆಶಾ ಭೋಸ್ಲೆಯವರನ್ನು ನೆನೆದ ಹಾಡು ಮೊದಲ ಸ್ಥಾನಕ್ಕೇರಿತು. ಮರುವರ್ಷ ತಬಲಾ ವಾದಕ ತಲ್ವಿನ್ ಸಿಂಗ್ ಅವರಿಗೆ ಮರ್ಕ್ಯುರಿ ಪ್ರಶಸ್ತಿ ಬಂತು. 2002ರಲ್ಲಿ ಜಕಾಟಾ ಎಂಬ ಹೆಸರಿನ ಸಂಗೀತಗಾರನ ಕೈಯಲ್ಲಿ ನೃತ್ಯಗೀತೆಯಾಗಿ ಮರುಹುಟ್ಟು ಪಡೆದ ‘ಎವರ್ ಸೋ ಲೋನ್ಲಿ’ 8ನೇ ಸ್ಥಾನ ಮುಟ್ಟಿತು, ಮೂಲ ಹಾಡಿಗಿಂತಲೂ ಮೇಲೆ. ಅದೇ ವರ್ಷ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಎರಡನೆಯ ಚಿತ್ರದಲ್ಲೂ ಶೀಲಾ ಅವರ ದನಿ ಕೇಳಿಸಿತು.

ಕೆಲವು ವರ್ಷಗಳ ನಂತರ ಬಾಯುರಿಯ ನರಸಂಬಂಧಿ ಕಾಯಿಲೆ ಅವರನ್ನು ಹಿಡಿಯಿತು. ಹಾಡುವುದಿರಲಿ, ಮಾತಾಡಿದರೂ ನೋವು. ಗಾಯನ ನಿಂತಿತು. ಶೀಲಾ ಬರವಣಿಗೆಗೆ ಹೊರಳಿ, ಕಲಾವಿದರು ತಮ್ಮ ಕೆಲಸದ ಜಾಗವನ್ನೂ ಬದುಕನ್ನೂ ಅಚ್ಚುಕಟ್ಟು ಮಾಡಿಕೊಳ್ಳುವ ಬಗೆ ಕುರಿತು ಪುಸ್ತಕ ಬರೆದರು.