ಗಡಿಯ ಮಗುವಿನ ಮಾತು ಮತ್ತು ಬಾಲನ್ಯಾಯ ಮಂಡಳಿಯ ವರದಿ

1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗದಲ್ಲಾಗಲಿ, ಈಗ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಗಿರುವ ಮಡಕಶಿರಾದಲ್ಲಾಗಲಿ, ಕನ್ನಡದ ಮನೆಯ ಹುಡುಗ ‘ಅಪ್ಪ ಬುದ್ಧಿ ಕಲಿಸಿದ’ ಎಂದರೆ ಅನೇಕ ಸಲ ‘ಹೊಡೆದ’ ಎಂದೇ ಅರ್ಥ. ತೆಲುಗಿನ ‘ಬುದ್ಧಿ ಚೆಪ್ಪು’ ಎಂಬುದಕ್ಕೂ ಇದೇ ಛಾಯೆಯುಂಟು. ಆದ್ದರಿಂದಲೇ ಆ ಮಾತು ತೆಲುಗು ವರದಿಗೆ ತೊಡಕಿಲ್ಲದೆ ದಾಟುತ್ತದೆ. ಇಂಗ್ಲಿಷಿಗೆ ಬರುವ ವೇಳೆಗೆ ‘ಶಿಸ್ತು’ ಆಗಿಬಿಡಬಹುದು. ಏಟು ಮಾತ್ರ ದಾಟುವುದಿಲ್ಲ.

2015ರ ಬಾಲನ್ಯಾಯ ಕಾಯ್ದೆಯ 8ನೆಯ ಕಲಮು, ವಿಚಾರಣೆಯ ಭಾಷೆ ತಿಳಿಯದ ಮಗುವಿಗೆ ದುಭಾಷಿಯನ್ನು ಒದಗಿಸುವ ಹೊಣೆಯನ್ನು ಮಂಡಳಿಗೆ ವಹಿಸಿದೆ. ಗಡಿಯ ಮಗುವಿನ ತೊಡಕೆಂದರೆ ಅದಕ್ಕೆ ತೆಲುಗು ತಿಳಿಯುತ್ತದೆ: ಸಂತೆಗೆ, ಬಸ್ಸಿಗೆ, ಠಾಣೆಗೆ ಸಾಕಾಗುವಷ್ಟು. ಹೀಗಾಗಿ ದುಭಾಷಿಯ ಪ್ರಶ್ನೆಯೇ ಏಳದಿರಬಹುದು. ಆದರೆ ಭಯವನ್ನೂ ಅವಮಾನವನ್ನೂ ಹೇಳಿಕೊಳ್ಳುವ ತೆಲುಗು ಬೇರೆಯೇ. ಅದು ಒದಗದ ಹುಡುಗ ಸುಮ್ಮನಿರುತ್ತಾನೆ. ಆ ಮೌನವನ್ನು ಪಶ್ಚಾತ್ತಾಪವಿಲ್ಲದ ಮೊಂಡುತನವೆಂದು ಓದುವುದು ಬಹಳ ಸುಲಭ. 16 ತುಂಬಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ, 15ನೆಯ ಕಲಮಿನ ಪ್ರಾಥಮಿಕ ಮೌಲ್ಯಮಾಪನವು ಅವನನ್ನು ವಯಸ್ಕನಂತೆ ವಿಚಾರಿಸುವ ದಾರಿಯನ್ನೇ ತೆರೆಯಬಲ್ಲದು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಆ ತಜ್ಞರು ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳಬೇಕು?

ಜಾನ್ ಬೌಲ್ಬಿ 1944ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 44 ಬಾಲ ಕಳ್ಳರಿದ್ದರು. ಅವರಲ್ಲಿ ಯಾರ ಮೇಲೂ ಮಮತೆಯಿಲ್ಲದವರೆಂದು ಅವರು ಗುರುತಿಸಿದ 14 ಮಂದಿಯ ಪೈಕಿ 12 ಮಂದಿ ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ಅಗಲಿದ್ದರು. ಮೈಕೆಲ್ ರಟ್ಟರ್ 1972ರಲ್ಲಿ ಇದನ್ನು ತಿದ್ದಿದರು: ಅಗಲಿಕೆಗಿಂತ ಮನೆಯೊಳಗಿನ ಕಲಹ ಮತ್ತು ಬಾಂಧವ್ಯವೇ ಬೆಳೆಯದಿರುವುದು ಹೆಚ್ಚು ಹಾನಿಕರ. ಈ ತಿದ್ದುಪಡಿ ನಮ್ಮ ಸೀಮೆಗೆ ಬಹುಮುಖ್ಯ. ಬರದ ವರ್ಷಗಳಲ್ಲಿ ತಂದೆತಾಯಿ ಬೆಂಗಳೂರಿಗೆ ಗುಳೆ ಹೋದಾಗ ಅಜ್ಜಿಯ ಬಳಿ ಉಳಿದ ಮಗು ಅನಾಥವಲ್ಲ. ಅದು ‘ಅಜ್ಜಿಯನ್ನು ಹಚ್ಚಿಕೊಂಡಿದೆ’. (ನಮ್ಮ ಪಠ್ಯಗಳ ‘ಬಾಂಧವ್ಯ ಸಿದ್ಧಾಂತ’ಕ್ಕಿಂತ ಈ ಕ್ರಿಯಾಪದವೇ ನನಗೆ ಹೆಚ್ಚು ನಿಖರವೆನಿಸುತ್ತದೆ, ಹಚ್ಚಿಕೊಳ್ಳುವ ಕೆಲಸ ಇಲ್ಲಿ ಮಗುವಿನದು.) ತಂದೆತಾಯಿಯರನ್ನಷ್ಟೇ ವಿಚಾರಿಸುವ ಸಾಮಾಜಿಕ ತನಿಖಾ ವರದಿ ಇದನ್ನು ಪೋಷಕರ ನಿರ್ಲಕ್ಷ್ಯವೆಂದು ಬರೆದೀತು, ಹುಡುಗನ ಬದುಕು ಕದಡಿದ್ದು ಆ ಅಜ್ಜಿ ತೀರಿಹೋದ ಮೇಲೆ ಎಂಬುದು ದಾಖಲಾಗದು.

ಪರಿವೀಕ್ಷಣಾಧಿಕಾರಿಯು ‘ಯಾರನ್ನು ಹಚ್ಚಿಕೊಂಡಿದ್ದೆ?’, ‘ಬುದ್ಧಿ ಕಲಿಸೋದು ಅಂದರೆ ಏನು ಮಾಡುತ್ತಿದ್ದರು?’ ಎಂದು ಕನ್ನಡದಲ್ಲೇ ಕೇಳಿ, ಉತ್ತರವನ್ನು ಹುಡುಗನ ಮಾತಿನಲ್ಲೇ ಕನ್ನಡ ಲಿಪಿಯಲ್ಲಿ ಬರೆದು, ಅನುವಾದವನ್ನು ಅದರ ಕೆಳಗಿಟ್ಟರೆ, ಮೇಲ್ಮನವಿಯ ಹಂತದಲ್ಲಿ ಓದುವವರಿಗೂ ಮೂಲ ದೊರೆಯುತ್ತದೆ.