ಅರಮನೆಯಿಂದ ಹಟ್ಟಿಯವರೆಗೆ ಸಿಡುಬಿನ ಲಸಿಕೆ

ಮೈಸೂರಿನಲ್ಲಿ 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಚಿತ್ರವೊಂದರಲ್ಲಿ ಮೂವರು ರಾಜಮಹಿಳೆಯರಿದ್ದಾರೆ. ಬಲಬದಿಯವಳ ತೋಳಿನ ಮೇಲೆ ಸೆರಗಿಲ್ಲ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುತ್ತಿದ್ದಾಳೆ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ.

ಅಂಥ ಪ್ರಚಾರದ ಅಗತ್ಯವೂ ಇತ್ತು. ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಲಸಿಕೆ 1802ರಲ್ಲಿ ಮುಂಬಯಿ ತಲುಪಿತು. ಶೀತಲ ಪೆಟ್ಟಿಗೆಗಳಿಲ್ಲದ ಕಾಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನೇ ತೆಗೆದು ಇನ್ನೊಬ್ಬರ ತೋಳಿಗೆ ಹಚ್ಚುತ್ತ ಅದನ್ನು ಊರಿಂದೂರಿಗೆ ಸಾಗಿಸಬೇಕಿತ್ತು. ಮಡಿ, ಜಾತಿ, ದೇವಿಯ ಮುನಿಸಿನ ಭಯ ಎಲ್ಲವೂ ಅಡ್ಡ ಬಂದವು.

ಕೊನೆಯ ಹೋರಾಟ ನಡೆದದ್ದು 1970ರ ದಶಕದಲ್ಲಿ. ಶಾಖಕ್ಕೆ ಕೆಡದ ಒಣಪುಡಿಯ ಲಸಿಕೆ ಮತ್ತು ಕವಲುಮೊನೆಯ ಸೂಜಿ ಹಿಡಿದು ಆರೋಗ್ಯ ಕಾರ್ಯಕರ್ತರು ಮನೆಮನೆ ಸುತ್ತಿದರು. ರೋಗಿಯ ಚಿತ್ರ ತೋರಿಸಿ, ಸಂತೆಗಳಲ್ಲಿ ವಿಚಾರಿಸಿ ಪ್ರಕರಣಗಳನ್ನು ಪತ್ತೆಹಚ್ಚಿದರು. ರೋಗಿಯನ್ನು ಪ್ರತ್ಯೇಕಿಸಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು.

ಭಾರತದ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ಬಿಸಿಲು, ಮಳೆಯೆನ್ನದೆ ಹಳ್ಳಿಹಳ್ಳಿ ನಡೆದ ಆ ಕಾರ್ಯಕರ್ತರ ದುಡಿಮೆಯಿಂದಲೇ 1977ರಲ್ಲಿ ದೇಶ ಸಿಡುಬುಮುಕ್ತ ಎಂದು ಘೋಷಿತವಾಯಿತು. ಜಗತ್ತು 1980ರಲ್ಲಿ.