ತಲಪಾಡಿಯಿಂದ ಬೇಕಲಕ್ಕೆ ಒಂದು ದಿನ: ಬಸ್ಸಲ್ಲಿ ಕಥೆ ಹೇಳುವವರೊಬ್ಬರು ಇರಲಿ

ಪರೀಕ್ಷೆ ಮುಗಿದು ರಜೆ ಸಿಕ್ಕಿದರೆ ಸಾಕು, ನಮ್ಮ ಊರುಗಳಿಂದ ಬೇಕಲ ಕೋಟೆಗೆ ಬಸ್ಸುಗಳು ಹೊರಡುತ್ತವೆ. ಕೋಟೆ ಮೇಲೆ ಫೋಟೋ, ಬೀಚಲ್ಲಿ ಆಟ, ರಾತ್ರಿ ವಾಪಸ್. ಇದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಬಸ್ಸು, ಅದೇ ಖರ್ಚಲ್ಲಿ ಮಕ್ಕಳು ತಮ್ಮ ನೆಲದ ಚರಿತ್ರೆ ಕೇಳಿಕೊಂಡು ಬರಬಹುದು. ಅದಕ್ಕೆ ಬೇಕಾದ್ದು ಮೈಕ್ ಹಿಡಿದು ವಿವರಿಸಬಲ್ಲ ಒಬ್ಬರು, ಅಷ್ಟೆ.

ತಲಪಾಡಿ ದಾಟುವಾಗಲೇ ಶುರು ಮಾಡಬೇಕು. ಈ ರಾಜ್ಯ ಗಡಿ ಹುಟ್ಟಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಇಲ್ಲಿನ ಕನ್ನಡಿಗರು ಎಲ್ಲಿಂದಲೋ ಕೇರಳಕ್ಕೆ ಬಂದವರಲ್ಲ. ಅಜ್ಜ ಕೂತಲ್ಲೇ ಕೂತಿದ್ದರು, ರಾಜ್ಯ ಬದಲಾಯಿತು. ಇದು ಎಷ್ಟೋ ಯುವಕರಿಗೆ ಗೊತ್ತಿಲ್ಲ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ 'ಗಿಳಿವಿಂಡು' ಸ್ಮಾರಕವಾಗಿದೆ. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದು ಇವರನ್ನೇ. ಇಲ್ಲಿಗೆ ಅರ್ಧ ಗಂಟೆ ಕೊಡಿ. ಕುಂಬಳೆ ಬರುವಾಗ ಯಕ್ಷಗಾನದ ಪಾರ್ತಿಸುಬ್ಬನ ಊರು ಇದು ಅಂತ ಬಸ್ಸಲ್ಲೇ ಹೇಳಿದರಾಯಿತು, ಇಳಿಯುವುದು ಬೇಡ. ಏಳು ಜಾಗ ಓಡಿ ಓಡಿ ನೋಡುವುದಕ್ಕಿಂತ ಮೂರ್ನಾಲ್ಕು ಸರಿಯಾಗಿ ನೋಡುವುದು ಒಳ್ಳೆಯದು.

ಮುಂದಿನದ್ದು ತಳಂಗರೆಯ ಮಾಲಿಕ್ ದೀನಾರ್ ಮಸೀದಿ. ಲುಹರ್ ನಮಾಝಿನ ಹೊತ್ತಿಗೆ ಇಲ್ಲಿಗೆ ತಲುಪಿದರೆ ಅನುಕೂಲ. ಶುಕ್ರವಾರ ಮಾತ್ರ ರಶ್ಶು, ಬೇರೆ ದಿನ ಆರಿಸಿ. ಮಾಲಿಕ್ ದೀನಾರ್ ಮತ್ತು ಸಂಗಡಿಗರು ಕೊಡುಂಗಲ್ಲೂರಿನಿಂದ ಬಾರ್ಕೂರಿನವರೆಗೆ ಕರಾವಳಿಯಲ್ಲಿ ಮಸೀದಿ ಕಟ್ಟಿದರು ಎನ್ನುತ್ತದೆ ಪರಂಪರೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯೂ ಅದೇ ಸಾಲಿನದು. ಅಂದರೆ ಅರಬ್ ಹಡಗುಗಳ ಕಾಲದಿಂದಲೂ ಈ ಕಡಲ ತೀರಕ್ಕೆಲ್ಲ ಒಂದೇ ಸಂಬಂಧ.

ಕಾಸರಗೋಡಿನಿಂದ ಹೆದ್ದಾರಿ ಹಿಡಿಯಬೇಡಿ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ಮೂಲಕ ಹೋಗುವ ಕರಾವಳಿ ರಸ್ತೆಯಲ್ಲಿ ಹೋಗಿ. ಸುಳ್ಯದ ಕಡೆಯಿಂದ ಹರಿದು ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ತುಳುನಾಡು ಮತ್ತು ಮಲಯಾಳ ದೇಶದ ಹಳೆಯ ಗಡಿ ಎಂದು ಹಿಂದಿನವರು ಹೇಳುತ್ತಿದ್ದದ್ದು ಈ ಹೊಳೆಯನ್ನೇ. ಬೆಳಗ್ಗೆ ದಾಟಿದ್ದು ಹೊಸ ಗಡಿ, ಈಗ ದಾಟಿದ್ದು ಹಳೆಯದು. ಹೊಳೆಯ ದಕ್ಷಿಣ ದಡದ ಗುಡ್ಡದಲ್ಲಿ ಚಂದ್ರಗಿರಿ ಕೋಟೆಯಿದೆ. ಮೇಲೆ ನಿಂತರೆ ಹೊಳೆ, ತೆಂಗಿನ ತೋಟ, ಕಡಲು ಒಟ್ಟಿಗೇ ಕಾಣುತ್ತವೆ. ಅಕ್ಕಿ, ಕರಿಮೆಣಸು ಸಾಗುವ ಅಳಿವೆ ಬಾಗಿಲನ್ನು ಕಾಯಲು ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಈ ಕೋಟೆಯನ್ನೂ ಬೇಕಲವನ್ನೂ 17ನೇ ಶತಮಾನದಲ್ಲಿ ಕಟ್ಟಿಸಿದವರು ಕೆಳದಿಯ ಶಿವಪ್ಪ ನಾಯಕ ಎಂದು ಹೇಳಲಾಗುತ್ತದೆ. ಕೆಳದಿ ಅರಸರು ಈ ಕಡೆ ಇನ್ನೂ ಹಲವು ಕೋಟೆ ಕಟ್ಟಿಸಿದರು. ಕಾಞಂಗಾಡಿನ 'ಹೊಸದುರ್ಗ' ಎಂಬ ಹೆಸರಲ್ಲೇ ಕನ್ನಡ ಇದೆ, ಕೇಳಿ ನೋಡಿ!

ಬೇಕಲದ್ದು ಸುಮಾರು 40 ಎಕರೆಯ ಮುರಕಲ್ಲಿನ ಕೋಟೆ. ಒಳಗೆ ಅರಮನೆ ಹುಡುಕಬೇಡಿ, ಇದು ಯುದ್ಧಕ್ಕೆಂದೇ ಕಟ್ಟಿದ್ದು. ಕಡಲ ಬದಿಯ ಗೋಡೆಯ ತೂತುಗಳನ್ನು ಮಕ್ಕಳಿಗೆ ತೋರಿಸಿ. ಮೇಲಿನವು ದೂರದ ಗುರಿಗೆ, ಅದರ ಕೆಳಗಿನವು ಹತ್ತಿರ ಬಂದವರಿಗೆ, ತೀರಾ ಕೆಳಗಿನವು ಗೋಡೆಯ ಬುಡಕ್ಕೇ ತಲುಪಿದ ಶತ್ರುವಿಗೆ. ವೀಕ್ಷಣಾ ಗೋಪುರ, ಮೆಟ್ಟಿಲಿನ ಕೆರೆ, ಮದ್ದಿನ ಮನೆ ಎಲ್ಲ ನೋಡುವಂಥದ್ದೇ. ಕೆಳದಿಯವರ ನಂತರ ಹೈದರಾಲಿ, ಟಿಪ್ಪು, 1799ರ ಬಳಿಕ ಈಸ್ಟ್ ಇಂಡಿಯಾ ಕಂಪೆನಿ. ಆಮೇಲೆ ಬೇಕಲ ತಾಲೂಕು ಕೇಂದ್ರವೂ ಆಗಿತ್ತು. ಹೊರಗೆ ಟಿಪ್ಪು ಕಾಲದ್ದೆನ್ನುವ ಮಸೀದಿ, ಬಾಗಿಲ ಬಳಿ ಹನುಮಂತನ ಗುಡಿ.

ಕರ್ನಾಟಕದ ಬಸ್ಸಾದರೆ ಕೇರಳ ಪರ್ಮಿಟ್ ವಿಷಯ ಮೊದಲೇ ಮಾತಾಡಿಕೊಳ್ಳಿ. ಮಳೆಗಾಲದಲ್ಲಿ ಮುರಕಲ್ಲು ಪಾಚಿ ಕಟ್ಟಿ ಜಾರುತ್ತದೆ, ವಯಸ್ಸಾದವರು ಜೋಪಾನ. ಗೈಡ್ ಆಗಿ ಊರಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರನ್ನು ಕೇಳಿ ನೋಡಿ, ಖುಷಿಯಿಂದ ಬರುತ್ತಾರೆ. 1956ರ ಮೊದಲಿನ ನೆನಪಿರುವ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅವರಿಗೆ ಮುಂದಿನ ಸೀಟು ಕೊಡಿ, ಮೈಕನ್ನೂ ಕೊಡಿ.